ಎಲ್ಲರೂ ‘ಛಲೋ ಅದ’ ಎಂದಾಗ: ಕ್ಯಾನ್ಸರ್ ತಂಡದ ಆರೈಕೆಯಲ್ಲಿ ರೋಗಿಯ ಅನುಭವವನ್ನು ಅಳೆಯುವ ಬಗೆ

ಪ್ರಶ್ನೆ: ಕಲಬುರಗಿಯ ಒಂದು ಕ್ಯಾನ್ಸರ್ ಚಿಕಿತ್ಸಾ ಕೇಂದ್ರದ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಶಸ್ತ್ರಚಿಕಿತ್ಸಕರು, ಕಿಮೋ ವೈದ್ಯರು, ರೇಡಿಯೇಷನ್ ವೈದ್ಯರು ವಾರಕ್ಕೊಮ್ಮೆ ಟ್ಯೂಮರ್ ಬೋರ್ಡಿನಲ್ಲಿ ಕೂತು ಒಟ್ಟಾಗಿ ತೀರ್ಮಾನ ಮಾಡುತ್ತಾರೆ. ನರ್ಸ್, ಆಹಾರ ತಜ್ಞರು, ಆಪ್ತ ಸಮಾಲೋಚಕರು, ಸರ್ಕಾರಿ ಆರೋಗ್ಯ ಯೋಜನೆಯ ವಿಷಯದಲ್ಲಿ ರೋಗಿಗಳಿಗೆ ನೆರವಾಗುವ ಆರೋಗ್ಯ ಮಿತ್ರ ಎಲ್ಲರೂ ತಂಡದಲ್ಲಿದ್ದಾರೆ. ಫೀಡ್‌ಬ್ಯಾಕ್ ಫಾರಂನಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ‘ಉತ್ತಮ’ ಎಂದೇ ಗುರುತು ಹಾಕುತ್ತಾರೆ. ಆದರೂ ಹಲವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ. ಕೆಲವರು ಎಲ್ಲಿಗೂ ಹೋಗದೆ ಊರಿನಲ್ಲೇ ಉಳಿದುಬಿಡುತ್ತಾರೆ. ತಂಡವಾಗಿ ನಾವು ಕೊಡುವ ಆರೈಕೆಯನ್ನು ರೋಗಿಗಳು ಹೇಗೆ ಅನುಭವಿಸುತ್ತಿದ್ದಾರೆ ಎಂಬುದನ್ನು ನಂಬಬಹುದಾದ ರೀತಿಯಲ್ಲಿ ಅಳೆಯುವುದು ಹೇಗೆ?

ಉತ್ತರ: ಆ ಒಂಬತ್ತು ಮಂದಿ ಸುಳ್ಳು ಹೇಳಿದ್ದಾರೆಂದು ಭಾವಿಸಬೇಕಾಗಿಲ್ಲ, ಫಾರಂ ಕೇಳಿದ ಪ್ರಶ್ನೆಗೆ ತಕ್ಕ ಉತ್ತರವನ್ನೇ ಅವರು ಕೊಟ್ಟಿದ್ದಾರೆ. ಇನ್ನೂ ಮೂರು ಸುತ್ತು ಕಿಮೋ ಬಾಕಿಯಿರುವಾಗ, ಯೋಜನೆಯ ಮಂಜೂರಾತಿ ಅದೇ ಕೌಂಟರಿನ ಮೂಲಕ ಬರಬೇಕಾಗಿರುವಾಗ, ಫಾರಂ ಹಿಡಿದು ಎದುರಿಗೆ ನಿಂತ ಸಿಸ್ಟರ್ ಅವರೇ ನಾಳೆ ಸಲೈನ್ ಹಚ್ಚುವವರಾಗಿರುವಾಗ, ‘ನಮ್ಮ ಸೇವೆ ಹೇಗಿತ್ತು’ ಎಂದು ಕೇಳಿದರೆ ಆಳಂದದಿಂದಲೋ ಸುರಪುರದಿಂದಲೋ ಬಂದ ರೈತರೊಬ್ಬರು ‘ಛಲೋ ಅದರಿ, ಏನೂ ತ್ರಾಸಿಲ್ಲ’ ಎನ್ನುವುದು ಸಹಜ. ಅದರಲ್ಲಿ ನಿಜವಾದ ಕೃತಜ್ಞತೆ ಇದೆ, ಅಂಜಿಕೆಯೂ ಇದೆ. ಎರಡನ್ನೂ ಬೇರ್ಪಡಿಸುವ ಶಕ್ತಿ ನಿಮ್ಮ ಫಾರಂಗೆ ಇಲ್ಲ. ಆದ್ದರಿಂದ ಮೊದಲು ಬದಲಾಗಬೇಕಾದದ್ದು ಪ್ರಶ್ನೆ, ಆಮೇಲೆ ಕೇಳುವ ಜಾಗ, ಕೇಳುವ ವ್ಯಕ್ತಿ ಮತ್ತು ಕೇಳುವ ಸಮಯ.

ಮೂರು ಬೇರೆಬೇರೆ ಸಂಗತಿಗಳು ಒಂದೇ ಫಾರಂನಲ್ಲಿ ಕಲಸಿಹೋಗುವುದನ್ನು ಬಹಳ ಆಸ್ಪತ್ರೆಗಳಲ್ಲಿ ಕಾಣುತ್ತೇವೆ. ಸಂತೃಪ್ತಿ ಎಂಬುದು ರೋಗಿಯ ನಿರೀಕ್ಷೆಗೂ ಸಿಕ್ಕದ್ದಕ್ಕೂ ಇರುವ ಅಂತರ. ನಿರೀಕ್ಷೆಯೇ ಕಡಿಮೆಯಿದ್ದವರು ಕಡಿಮೆ ಸಿಕ್ಕರೂ ತೃಪ್ತರಾಗಿರುತ್ತಾರೆ. ಅನುಭವ ಎಂಬುದು ನಡೆದದ್ದರ ವರದಿ: ಹೇಳಿದರೋ ಇಲ್ಲವೋ, ಕಾದಿರೋ ಇಲ್ಲವೋ, ಫೋನ್ ಮಾಡಿದಾಗ ಯಾರಾದರೂ ಎತ್ತಿದರೋ ಇಲ್ಲವೋ. ಮೂರನೆಯದು ರೋಗಿಯ ದೇಹಸ್ಥಿತಿಯ ಬಗ್ಗೆ ರೋಗಿಯೇ ಹೇಳುವ ಮಾತು, ಅಂದರೆ ನೋವು, ವಾಂತಿ, ನಿದ್ದೆ, ಸುಸ್ತು. ಇದಕ್ಕೆ ಯುರೋಪಿನ ಇ.ಓ.ಆರ್.ಟಿ.ಸಿ. ಎಂಬ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 30 ಪ್ರಶ್ನೆಗಳ ‘ಸಿ30’ ಪ್ರಶ್ನಾವಳಿಯಂಥ ಸಾಧನಗಳಿವೆ. ಅಂಥದ್ದನ್ನು ಬಳಸುವುದಾದರೆ ಪರೀಕ್ಷೆಗೆ ಒಳಪಟ್ಟ ಅನುವಾದವನ್ನು ಆ ಸಂಸ್ಥೆಯಿಂದಲೇ ಪಡೆಯಿರಿ, ನೀವಾಗಿ ಅನುವಾದಿಸಬೇಡಿ. ಈ ಮೂರನೆಯ ಬಗೆಯ ಅಳತೆಯನ್ನು ಹಗುರವಾಗಿ ಕಾಣುವಂತಿಲ್ಲ. ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಕಿಮೋ ಪಡೆಯುತ್ತಿದ್ದ 766 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ಲಕ್ಷಣಗಳನ್ನು ನಿಯಮಿತವಾಗಿ ತಿಳಿಸುತ್ತಿದ್ದ ಗುಂಪಿನ ಮಧ್ಯಮ ಬದುಕುಳಿಕೆ (ಗುಂಪಿನ ಅರ್ಧದಷ್ಟು ಮಂದಿ ಬದುಕಿದ್ದ ಅವಧಿ) 31.2 ತಿಂಗಳಾದರೆ, ಎಂದಿನ ಆರೈಕೆಯ ಗುಂಪಿನದು 26 ತಿಂಗಳು. ಗಂಭೀರ ಲಕ್ಷಣ ಕಂಡೊಡನೆ ನರ್ಸ್‌ಗೆ ಸೂಚನೆ ಹೋಗುವ ವ್ಯವಸ್ಥೆ ಅಲ್ಲಿತ್ತು. ಆದರೆ ನೀವು ಕೇಳಿರುವುದು ಎರಡನೆಯ ಬಗೆಯ ಅಳತೆಯನ್ನು. ಮುಂದಿನ ಮಾತೆಲ್ಲ ಅದರ ಬಗ್ಗೆಯೇ.

ತಂಡದ ಆರೈಕೆಯನ್ನು ಅಳೆಯುವಾಗ ‘ವೈದ್ಯರು ಹೇಗಿದ್ದರು, ನರ್ಸ್‌ಗಳು ಹೇಗಿದ್ದರು, ಸ್ವಚ್ಛತೆ ಹೇಗಿತ್ತು’ ಎಂದು ವಿಭಾಗವಾರು ಕೇಳಿದರೆ ಬಿಡಿ ಬಿಡಿ ವ್ಯಕ್ತಿಗಳ ಬಗ್ಗೆ ಒಳ್ಳೆಯ ಮಾತುಗಳು ಸಿಗುತ್ತವೆ, ತಂಡದ ಬಗ್ಗೆ ಏನೂ ಸಿಗುವುದಿಲ್ಲ. ರೋಗಿಗೆ ತಂಡ ಎದುರಾಗುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಗಳಿಗೆಗಳಲ್ಲಿ. ನನ್ನ ದೃಢವಾದ ಅಭಿಪ್ರಾಯವೆಂದರೆ, ನಿಮ್ಮ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಗಳಿಗೆಗಳ ಮೇಲೆಯೇ ಇರಬೇಕು.

ಗುಟ್ಕಾ ಜಗಿಯುವ ಅಭ್ಯಾಸ ಇಷ್ಟೊಂದು ಹರಡಿರುವ ನಮ್ಮ ಕಡೆ ಮೇಲಿಂದ ಮೇಲೆ ಕಾಣುವ ಕೆನ್ನೆಯ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಬಯಾಪ್ಸಿ ಒಂದು ಕಡೆ, ಸ್ಕ್ಯಾನ್ ಇನ್ನೊಂದು ಕಡೆ ಆಗಿರುತ್ತದೆ. ಟ್ಯೂಮರ್ ಬೋರ್ಡ್ ಶಸ್ತ್ರಚಿಕಿತ್ಸೆ, ಆಮೇಲೆ ವಿಕಿರಣ ಎಂದು ತೀರ್ಮಾನಿಸುತ್ತದೆ. ಆ ಸಭೆಯಲ್ಲಿ ರೋಗಿ ಇರುವುದಿಲ್ಲ. ಶಸ್ತ್ರಚಿಕಿತ್ಸೆ ಆದ ಮೇಲೆ ಸುಮಾರು ಆರು ವಾರಗಳ ಒಳಗೆ ವಿಕಿರಣ ಆರಂಭವಾಗಬೇಕು. ಅದಕ್ಕೂ ಮುಂಚೆ ಹಾಳಾದ ಹಲ್ಲುಗಳನ್ನು ತೆಗೆಸಬೇಕು, ಆ ಗಾಯ ಮಾಯಲು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬಿಡಬೇಕು. ಹಲ್ಲಿನ ವಿಭಾಗಕ್ಕೆ ಹೋಗಬೇಕೆಂದು ಯಾರು ಹೇಳಬೇಕು? ಶಸ್ತ್ರಚಿಕಿತ್ಸಕರು ‘ಅದನ್ನು ರೇಡಿಯೇಷನ್‌ನವರು ಹೇಳುತ್ತಾರೆ’ ಎಂದುಕೊಂಡು, ರೇಡಿಯೇಷನ್ ವೈದ್ಯರು ‘ಅದು ಆಗಿಯೇ ಬಂದಿರುತ್ತದೆ’ ಎಂದುಕೊಂಡರೆ, ರೋಗಿ ನಾಲ್ಕನೆಯ ವಾರದಲ್ಲಿ ಬಂದು ಹಲ್ಲು ತೆಗೆಸಿಕೊಂಡು, ಆರನೆಯ ವಾರ ದಾಟಿಸಿ, ಎಂಟನೆಯ ವಾರದಲ್ಲಿ ಮೊದಲ ‘ಕರೆಂಟ್’, ಅಂದರೆ ವಿಕಿರಣ, ಪಡೆಯುತ್ತಾನೆ. ಇಲ್ಲಿ ಯಾರೊಬ್ಬರೂ ಒರಟಾಗಿ ನಡೆದುಕೊಂಡಿಲ್ಲ, ಯಾರ ಕೆಲಸವೂ ಕೆಟ್ಟದಾಗಿಲ್ಲ. ಫಾರಂನಲ್ಲಿ ಎಲ್ಲರಿಗೂ ‘ಉತ್ತಮ’ ಬೀಳುತ್ತದೆ. ತಂಡ ಮಾತ್ರ ರೋಗಿಯನ್ನು ಕೈಬಿಟ್ಟಿದೆ.

ಇಂಥ ಸಂದುಗಳನ್ನು ಹಿಡಿಯುವ ಪ್ರಶ್ನೆಗಳನ್ನು ಬೇರೆ ದೇಶಗಳು ವರ್ಷಗಟ್ಟಲೆ ತಿದ್ದಿ ತೀಡಿ ಬಳಸಿವೆ. ಇಂಗ್ಲೆಂಡಿನ ರಾಷ್ಟ್ರೀಯ ಕ್ಯಾನ್ಸರ್ ರೋಗಿಗಳ ಅನುಭವ ಸಮೀಕ್ಷೆ 2010ರಿಂದ ನಡೆಯುತ್ತಿದೆ. ತಂಡದಲ್ಲಿ ನಿಮಗೆ ಮುಖ್ಯ ಸಂಪರ್ಕ ವ್ಯಕ್ತಿ ಯಾರೆಂದು ತಿಳಿಸಿದ್ದರೇ, ಇಡೀ ತಂಡ ಹೊಂದಿಕೊಂಡು ಕೆಲಸ ಮಾಡಿತೇ ಎಂಬ ಪ್ರಶ್ನೆಗಳು ಅದರಲ್ಲಿವೆ. ಅಮೆರಿಕದ ‘ಕ್ಯಾಪ್ಸ್’ ಕ್ಯಾನ್ಸರ್ ಸಮೀಕ್ಷೆ ಶಸ್ತ್ರಚಿಕಿತ್ಸೆ, ಔಷಧ ಚಿಕಿತ್ಸೆ, ವಿಕಿರಣ ಚಿಕಿತ್ಸೆ ಮೂರಕ್ಕೂ ಪ್ರತ್ಯೇಕ ಪ್ರಶ್ನಾವಳಿ ಇಟ್ಟುಕೊಂಡು, ಮೂರರಲ್ಲೂ ‘ನಿಮ್ಮ ಕ್ಯಾನ್ಸರ್ ಆರೈಕೆ ತಂಡ’ವನ್ನೇ ಕುರಿತು ಕೇಳುತ್ತದೆ. ಇಂಗ್ಲೆಂಡಿನ ಅನುಭವದಿಂದ ಇನ್ನೊಂದು ಪಾಠವೂ ಇದೆ: ಅಲ್ಲಿ ಒಟ್ಟಾರೆ ಅಂಕ ಇತ್ತೀಚಿನ ವರ್ಷಗಳಲ್ಲಿ ಹತ್ತಕ್ಕೆ 8.8, 8.9ರ ಆಸುಪಾಸಿನಿಂದ ಕದಲುವುದೇ ಅಪರೂಪ. ಒಟ್ಟಾರೆ ಅಂಕವನ್ನು ನೀವೂ ಕೇಳಬಹುದು, ಆದರೆ ಎಲ್ಲಿ ಏನು ತಿದ್ದಬೇಕೆಂಬುದು ಅದರಿಂದ ಹೊಳೆಯುವುದಿಲ್ಲ.

ಆ ಪ್ರಶ್ನಾವಳಿಗಳನ್ನು ಹಾಗೆಯೇ ತಂದು ಕನ್ನಡಕ್ಕೆ ತಿರುಗಿಸಿ ಹಂಚುವುದನ್ನು ನಾನು ಒಪ್ಪುವುದಿಲ್ಲ. ಅವು ಅಂಚೆಯಲ್ಲಿ ಬಂದ ಕಾಗದವನ್ನು ಮನೆಯಲ್ಲಿ ಕೂತು ಓದಿ ತುಂಬುವವರಿಗಾಗಿ ಬರೆದವು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 52ರಷ್ಟಿತ್ತು, ಮಹಿಳೆಯರದು ಶೇಕಡ 41ರ ಆಸುಪಾಸು. ಗರ್ಭಕೊರಳಿನ ಅಥವಾ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ, ನಡುವಯಸ್ಸು ದಾಟಿದ ಹೆಣ್ಣುಮಕ್ಕಳಲ್ಲಿ ಓದು ಬಲ್ಲವರು ಇನ್ನೂ ಕಡಿಮೆ. ಕಾಗದದ ಫಾರಂ ಕೊಟ್ಟರೆ ಅದನ್ನು ತುಂಬುವವರು ಜೊತೆಗೆ ಬಂದ ಮಗ ಅಥವಾ ಅಳಿಯ. ನಿಮ್ಮ ಕೈಗೆ ಬರುವುದು ಅವರ ಅನುಭವ. ಆದ್ದರಿಂದ ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳುವುದೇ ಇಲ್ಲಿ ಮುಖ್ಯ ವಿಧಾನವಾಗಬೇಕು, ಮತ್ತು ಆ ಮಾತು ಕಲಬುರಗಿಯ ಮಾತೇ ಆಗಿರಬೇಕು.

ಉದಾಹರಣೆಗೆ ಐದು ಪ್ರಶ್ನೆಗಳನ್ನು ಬರೆಯುತ್ತೇನೆ; ಇವನ್ನು ನಿಮ್ಮ ರೋಗಿಗಳ ಮುಂದಿಟ್ಟು ತಿದ್ದಿಕೊಳ್ಳಿ. ‘ನಿಮ್ಗ ಯಾವ ಇಲಾಜು ಮಾಡ್ತಾರ, ಯಾಕ ಮಾಡ್ತಾರ ಅಂತ ನಿಮ್ಗ ತಿಳಿಯುವಂಗ ಯಾರಾರ ಕುಂತು ಹೇಳ್ಯಾರೇನ್ರಿ?’ ‘ಒಬ್ರು ಹೇಳಿದ್ದು ಒಂದು, ಇನ್ನೊಬ್ರು ಹೇಳಿದ್ದು ಒಂದು ಆಗಿತ್ತೇನ್ರಿ?’ ‘ಒಬ್ಬ ಡಾಕ್ಟರ್ ಹೇಳಿದ್ದು ಇನ್ನೊಬ್ಬ ಡಾಕ್ಟರ್‌ಗೆ ನೀವೇ ತಿರುಗಿ ಹೇಳಬೇಕಾತೇನ್ರಿ?’ ‘ಮನಿಗಿ ಹೋದ ಮ್ಯಾಲ ತ್ರಾಸಾದ್ರ ಯಾರಿಗಿ ಫೋನ್ ಹಚ್ಚಬೇಕು ಅಂತ ಗೊತ್ತಿತ್ತೇನ್ರಿ?’ ‘ಈ ದವಾಖಾನ್ಯಾಗ ನಿಮ್ಮ ಕೇಸು ಪೂರ್ತಿ ಗೊತ್ತಿರೋರು ಒಬ್ರಾದ್ರೂ ಅದಾರೇನ್ರಿ? ಯಾರು?’ ನಾಲ್ಕನೆಯ ಪ್ರಶ್ನೆ ಬರೀ ಸೌಕರ್ಯದ ಪ್ರಶ್ನೆಯಲ್ಲ. ಕಿಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣಗಳು ಇಳಿದಿರುವಾಗ ಜ್ವರ ಬಂದರೆ, ಅದು ತಕ್ಷಣ ಆಸ್ಪತ್ರೆಗೆ ಬರಬೇಕಾದ ತುರ್ತು. ರಾತ್ರಿ ಜ್ವರ ಬಂದ ರೋಗಿ ಯಾರನ್ನು ಕೇಳಬೇಕೆಂದು ತಿಳಿಯದೆ ಊರಿನ ಅಂಗಡಿಯಿಂದ ಗುಳಗಿ ತಂದು ನುಂಗಿ ಮಲಗಿದರೆ ಜೀವಕ್ಕೇ ಅಪಾಯ. ಐದನೆಯದಕ್ಕೆ ಬರುವ ಉತ್ತರಗಳನ್ನು ಗಮನವಿಟ್ಟು ಓದಿ. ಎಷ್ಟೋ ಕಡೆ ರೋಗಿಗಳು ಹೆಸರಿಸುವುದು ವೈದ್ಯರನ್ನಲ್ಲ, ಫೈಲ್ ಹೊತ್ತು ಓಡಾಡುವ ಅಟೆಂಡರನ್ನೋ ಆರೋಗ್ಯ ಮಿತ್ರನನ್ನೋ. ಹಾಗಿದ್ದರೆ ನಿಮ್ಮ ತಂಡದ ನಿಜವಾದ ಸಂಯೋಜಕರು ಅವರೇ; ಅವರನ್ನು ತರಬೇತಿಗೂ ಸಭೆಗೂ ಕರೆಯುವುದು ಸರಿಯಾದ ಕ್ರಮ.

ಉತ್ತರಕ್ಕೆ ‘ಹೌದು, ಪೂರ್ತಿ’, ‘ಸ್ವಲ್ಪ ಮಟ್ಟಿಗೆ’, ‘ಇಲ್ಲ’, ‘ನೆನಪಿಲ್ಲ’ ಎಂಬಷ್ಟು ಆಯ್ಕೆ ಸಾಕು. ಐದು ಮೆಟ್ಟಿಲಿನ ಅಂಕಗಳನ್ನು ಕೇಳುತ್ತ ಹೋದರೆ ಬಹುತೇಕರು ಮೇಲಿನ ಮೆಟ್ಟಿಲನ್ನೇ ಹಿಡಿಯುತ್ತಾರೆ. ಎಲ್ಲ ಪ್ರಶ್ನೆಗೂ ‘ಹೌದು’ ಒಳ್ಳೆಯದೆಂಬಂತೆ ಬರೆಯಬೇಡಿ. ಮೇಲಿನ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಲ್ಲಿ ‘ಹೌದು’ ಎಂದರೆ ತೊಂದರೆ ಎಂದರ್ಥ. ಎಲ್ಲಕ್ಕೂ ತಲೆಯಾಡಿಸುವವರನ್ನು ಗುರುತಿಸಲು ಇದೊಂದು ದಾರಿ. ಹತ್ತು ಹನ್ನೆರಡು ರೋಗಿಗಳ ಜೊತೆ ಕೂತು, ‘ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ಅರ್ಥವಾಯಿತು’ ಎಂದು ಅವರದೇ ಮಾತಿನಲ್ಲಿ ಹೇಳಿಸಿ ನೋಡದೆ ಯಾವ ಪ್ರಶ್ನೆಯನ್ನೂ ಅಂತಿಮ ಮಾಡಬೇಡಿ. ಕನ್ನಡದ ಜೊತೆಗೆ ಉರ್ದು ಬೇಕೇ ಬೇಕು; ಔರಾದ್, ಭಾಲ್ಕಿ ಕಡೆಯವರಿಗೆ ಮರಾಠಿ, ಗುರುಮಠಕಲ್, ಸೇಡಂ ಕಡೆಯ ಕೆಲವರಿಗೆ ತೆಲುಗು, ತಾಂಡಾಗಳಿಂದ ಬಂದವರಿಗೆ ಲಂಬಾಣಿ ಬಲ್ಲವರು ಬೇಕಾಗುತ್ತಾರೆ.

ಬಾಯಿಮಾತಿನ ವಿಧಾನಕ್ಕೂ ಒಂದು ದೊಡ್ಡ ತೊಡಕಿದೆ. ನಾಲಿಗೆ, ದವಡೆ, ಗಂಟಲಿನ ಶಸ್ತ್ರಚಿಕಿತ್ಸೆ ಆದವರು, ವಿಕಿರಣದಿಂದ ಬಾಯಿ ಹುಣ್ಣಾದವರು ಸರಾಗವಾಗಿ ಮಾತಾಡಲಾರರು. ಅವರನ್ನು ಬಿಟ್ಟು ಸಮೀಕ್ಷೆ ಮಾಡಿದರೆ ನಿಮ್ಮ ಕೇಂದ್ರದಲ್ಲಿ ಬಹುಶಃ ಅತಿ ಹೆಚ್ಚು ಕಷ್ಟಪಡುವ ಗುಂಪೇ ಹೊರಗುಳಿಯುತ್ತದೆ. ಅವರಿಗಾಗಿ ಪ್ರಶ್ನೆಯನ್ನು ಓದಿ ಹೇಳಿ, ಉತ್ತರವನ್ನು ಆಯ್ಕೆಗೊಂದರಂತೆ ನಾಲ್ಕು ಚಿತ್ರಗಳಿರುವ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸುವ ವ್ಯವಸ್ಥೆ ಮಾಡಿ. ಹಾಗೆ ನೋಡಿದರೆ ಈ ಕಾರ್ಡನ್ನು ಎಲ್ಲರಿಗೂ ಬಳಸುವುದು ಉತ್ತಮ. ಪಕ್ಕದಲ್ಲಿ ಕೂತವರಿಗೆ ಉತ್ತರ ಕೇಳಿಸುವುದಿಲ್ಲ.

ಇನ್ನು ನಮ್ಮ ಮನೆಗಳ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ಬಹಳ ಕುಟುಂಬಗಳಲ್ಲಿ ರೋಗಿಗೆ ‘ಗಂಟಾಗಿದೆ, ತೆಗೆದರೆ ಹೋಗುತ್ತದೆ’ ಎಂದಷ್ಟೇ ತಿಳಿಸಿರುತ್ತಾರೆ. ಕ್ಯಾನ್ಸರ್ ಎಂಬ ಮಾತನ್ನು ಅವರ ಮುಂದೆ ಆಡಬೇಡಿ ಎಂದು ಮಕ್ಕಳು ವೈದ್ಯರಲ್ಲಿ ಕೈಮುಗಿದು ಬೇಡಿಕೊಂಡಿರುತ್ತಾರೆ. ಅಂಥ ತಾಯಿಯ ಮುಂದೆ ಸಮೀಕ್ಷೆಯವರು ಹೋಗಿ ‘ನಿಮ್ಮ ಕ್ಯಾನ್ಸರ್ ಆರೈಕೆಯ ಬಗ್ಗೆ ಎರಡು ಮಾತು’ ಎಂದು ಆರಂಭಿಸಿದರೆ, ಒಂದು ಅಳತೆಯ ಕೆಲಸ ಆ ಮನೆಯ ಮೇಲೆ ಎರಗಿದಂತಾಗುತ್ತದೆ. ಮುಚ್ಚಿಡುವುದು ಸರಿಯೋ ತಪ್ಪೋ ಎಂಬುದು ವೈದ್ಯರು ಮತ್ತು ಆಪ್ತ ಸಮಾಲೋಚಕರು ಆ ಕುಟುಂಬದೊಂದಿಗೆ ನಿಧಾನವಾಗಿ ಬಗೆಹರಿಸಬೇಕಾದ ವಿಷಯ. ಅದನ್ನು ಸಮೀಕ್ಷೆ ಬಗೆಹರಿಸಬಾರದು. ಆದ್ದರಿಂದ ಪ್ರಶ್ನೆಗಳಲ್ಲಿ ಎಲ್ಲೂ ರೋಗದ ಹೆಸರು ಬೇಡ, ‘ಈ ದವಾಖಾನಿ’, ‘ನಿಮ್ಮ ಇಲಾಜು’ ಎಂದರೆ ಸಾಕು. ಕೇಳಲು ಹೋಗುವವರ ಅಂಗಿಯ ಮೇಲಿನ ಗುರುತಿನ ಚೀಟಿಯಲ್ಲೂ ಆ ಹೆಸರು ಇರದಂತೆ ನೋಡಿಕೊಳ್ಳಿ. ಜೊತೆಗೆ, ಮನೆಯವರ ಅನುಭವವನ್ನು ಪ್ರತ್ಯೇಕ ಹಾಳೆಯಲ್ಲಿ ಕೇಳಿ. ಕೂಲಿ ಬಿಟ್ಟು ಬಂದು, ಎಲ್ಲಿ ಮಲಗಬೇಕು ಎಂದು ತಿಳಿಯದೆ, ಆಸ್ಪತ್ರೆಯ ಪಡಸಾಲೆಯಲ್ಲಿ ಆರು ವಾರ ಕಳೆಯುವವರು ಅವರು. ಬೀದರಿನಿಂದ ಕಲಬುರಗಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ವಿಕಿರಣವೋ ವಾರಕ್ಕೆ ಐದು ದಿನ. ಇಳಿದುಕೊಳ್ಳುವ ಜಾಗದ ಬಗ್ಗೆ ಯಾರೂ ಮಾತಾಡದಿದ್ದರೆ ಚಿಕಿತ್ಸೆ ನಿಂತುಹೋಗುವುದಕ್ಕೆ ಅಷ್ಟೇ ಸಾಕು. ರೋಗಿಯ ಉತ್ತರಕ್ಕೂ ಮನೆಯವರ ಉತ್ತರಕ್ಕೂ ಬೆರಕೆ ಮಾತ್ರ ಆಗದಿರಲಿ.

ಕೇಳುವವರು ಚಿಕಿತ್ಸೆಯಲ್ಲಿ ಕೈಯಿರುವವರಾಗಿರಬಾರದು. ಸಮಾಜ ಕಾರ್ಯ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ತರಬೇತಿ ಕೊಟ್ಟು ಬಳಸಬಹುದು; ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ಕೇಳಲಿ. ಬಿಳಿ ಕೋಟು ಬೇಡ, ಕೌಂಟರಿನ ಪಕ್ಕ ಬೇಡ. ಉತ್ತರ ಕೊಡದಿದ್ದರೂ ಚಿಕಿತ್ಸೆಗೆ ತೊಂದರೆಯಿಲ್ಲ, ಕೊಟ್ಟ ಉತ್ತರದ ಮೇಲೆ ಹೆಸರು ಇರುವುದಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ‘ಮೇರಾ ಅಸ್ಪತಾಲ್’ನಂತೆ ಎಸ್ಸೆಮ್ಮೆಸ್ ಮತ್ತು ಕರೆಯ ಮೂಲಕ ಅಭಿಪ್ರಾಯ ಕೇಳುವ ದಾರಿಯೂ ಇದೆ. ಆದರೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ನೋಂದಾಯಿಸಿದ ಮೊಬೈಲ್ ನಂಬರ್ ಬೆಂಗಳೂರಿಗೋ ಪುಣೆಗೋ ಮುಂಬೈಗೋ ಗುಳೆ ಹೋದ ಮಗನದಾಗಿರುವುದು ಸಾಮಾನ್ಯ. ಕರೆ ಹೋಗುವುದು ಅವನಿಗೆ. ನೋಂದಣಿಯ ದಿನವೇ, ರೋಗಿಯ ಜೊತೆ ಊರಿನಲ್ಲಿ ಇರುವವರ ನಂಬರನ್ನೂ ಬರೆದುಕೊಳ್ಳಿ.

ಸಮಯದ ವಿಷಯ ಚಿಕ್ಕದು: ಒಂದೇ ದಿನ ಎಲ್ಲವನ್ನೂ ಕೇಳಬೇಡಿ. ಚಿಕಿತ್ಸೆಯ ತೀರ್ಮಾನ ತಿಳಿಸಿದ ಒಂದು ವಾರದೊಳಗೆ ಒಮ್ಮೆ, ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋದ ಮೇಲೆ ಒಮ್ಮೆ, ಚಿಕಿತ್ಸೆ ಮುಗಿದು ಮೊದಲ ತಪಾಸಣೆಗೆ ಬಂದಾಗ ಒಮ್ಮೆ. ಪ್ರತಿ ಸಲವೂ ಹತ್ತು ನಿಮಿಷ ಮೀರದಿರಲಿ.

ಈಗ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಭಾಗಕ್ಕೆ ಬರುತ್ತೇನೆ. ಅರ್ಧಕ್ಕೆ ಬಿಟ್ಟುಹೋದವರು ನಿಮ್ಮ ಫಾರಂ ತುಂಬುವುದೇ ಇಲ್ಲ. ಹತ್ತರಲ್ಲಿ ಒಂಬತ್ತು ಎಂಬ ಲೆಕ್ಕ ಉಳಿದುಕೊಂಡವರ ಲೆಕ್ಕ. ಹೆಚ್ಚು ನೊಂದವರು ಆ ಹತ್ತರಲ್ಲಿಯೇ ಇಲ್ಲ. ಆದ್ದರಿಂದ ಟ್ಯೂಮರ್ ಬೋರ್ಡ್ ತೀರ್ಮಾನಿಸಿದ ಪ್ರತಿಯೊಬ್ಬರ ಪಟ್ಟಿಯನ್ನು ಆರಂಭದ ಅಂಕೆಯಾಗಿ ಇಟ್ಟುಕೊಳ್ಳಿ. ಕೊಟ್ಟ ದಿನಾಂಕಕ್ಕೆ ಎರಡು ವಾರ ಕಳೆದರೂ ಬಾರದವರಿಗೆ ಫೋನ್ ಮಾಡಿ. ಸಿಗದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಯ ನೆರವು ಕೇಳಬಹುದು, ಆದರೆ ರೋಗದ ವಿವರವನ್ನು ಅವರಿಗೆ ಹೇಳಲು ರೋಗಿಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. ಕೇಳುವ ದನಿಯಲ್ಲಿ ಆಕ್ಷೇಪಣೆ ಇರಬಾರದು. ‘ಯಾಕ ಬಂದಿಲ್ಲ’ ಎಂದರೆ ‘ಹುಷಾರಿರಲಿಲ್ಲ’ ಎನ್ನುತ್ತಾರೆ. ‘ಬರಲಿಕ್ಕಿ ಏನು ಅಡಚಣಿ ಆತ್ರಿ’ ಎಂದರೆ ಬಸ್ಸಿನ ಖರ್ಚು, ತೊಗರಿ ಕಟಾವು, ಅರ್ಥವಾಗದೆ ಹೋದ ಒಂದು ಮಾತು, ಮೂರು ಸಲ ಬಂದರೂ ಆಗದ ಒಂದು ಸ್ಕ್ಯಾನ್, ಹೀಗೆ ನಿಜವಾದ ಕಾರಣಗಳು ಹೊರಬರುತ್ತವೆ. ಬೇರೆ ಕಡೆ ಚಿಕಿತ್ಸೆ ಮುಂದುವರಿಸಿದವರನ್ನೂ ಎಲ್ಲಿಯೂ ಹೋಗದೆ ಉಳಿದವರನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ. ಮಗಳ ಮನೆ ಸೊಲ್ಲಾಪುರದಲ್ಲಿದೆ ಎಂದು ಅಲ್ಲಿಗೆ ಹೋದವರು ನಿಮ್ಮ ತಂಡದ ಸೋಲಲ್ಲ. ಊರಿನಲ್ಲಿ ಗಾಯ ಕಟ್ಟಿಕೊಂಡು ಕೂತವರ ವಿಷಯದಲ್ಲಿ ತಂಡ ಉತ್ತರ ಹೇಳಬೇಕಾಗುತ್ತದೆ.

ಲೆಕ್ಕದ ಬಗ್ಗೆ ಎರಡು ಎಚ್ಚರಿಕೆ. ಮೂವತ್ತು ಜನರನ್ನು ಕೇಳಿ ಶೇಕಡ 70 ಬಂದರೆ, ನಿಜವಾದ ಪ್ರಮಾಣ ಹೆಚ್ಚುಕಡಿಮೆ 54ರಿಂದ 86ರ ನಡುವೆ ಎಲ್ಲಿ ಬೇಕಾದರೂ ಇರಬಹುದು; ಇನ್ನೂರು ಜನರನ್ನು ಕೇಳಿದರೆ ಆ ವ್ಯಾಪ್ತಿ 64ರಿಂದ 76ಕ್ಕೆ ಇಳಿಯುತ್ತದೆ. ಹೋದ ತಿಂಗಳು 70, ಈ ತಿಂಗಳು 63 ಎಂದು ಮೂವತ್ತು ಮಂದಿಯ ಉತ್ತರ ಹಿಡಿದು ಸಿಬ್ಬಂದಿಯನ್ನು ಗದರುವುದು ಅನ್ಯಾಯ. ಎರಡನೆಯದಾಗಿ, ಸರಾಸರಿ ತೆಗೆಯಬೇಡಿ. ‘ಹೌದು, ಪೂರ್ತಿ’ ಎಂದವರ ಪ್ರಮಾಣ ಎಷ್ಟು ಎಂಬುದನ್ನು ಪ್ರಶ್ನೆವಾರು ಬರೆದು, ಹೆಣ್ಣು ಗಂಡು, ಭಾಷೆ, ಜಿಲ್ಲೆ, ಚಿಕಿತ್ಸೆಯ ಬಗೆ ಎಂದು ಬಿಡಿಸಿ ನೋಡಿ. ಹಾಗೆ ಬಿಡಿಸಿದಾಗ ಗುಂಪುಗಳು ಚಿಕ್ಕವಾಗುತ್ತವೆ, ಆದ್ದರಿಂದ ಮೂರು ತಿಂಗಳ ಉತ್ತರಗಳನ್ನು ಕೂಡಿಸಿಕೊಳ್ಳಿ. ತೊಗರಿ ರಾಶಿಯ ತಿಂಗಳುಗಳನ್ನು ಬೇಸಿಗೆಯ ಜೊತೆ ಹೋಲಿಸದೆ ಹಿಂದಿನ ವರ್ಷದ ಅದೇ ತಿಂಗಳುಗಳ ಜೊತೆಯೇ ಹೋಲಿಸಿ. ಅನುಭವದ ಉತ್ತರಗಳ ಪಕ್ಕದಲ್ಲಿ ಫೈಲಿನಿಂದ ನಾಲ್ಕು ದಿನಾಂಕಗಳನ್ನೂ ಇಡಿ: ಮೊದಲ ಭೇಟಿ, ಬಯಾಪ್ಸಿ ವರದಿ, ಟ್ಯೂಮರ್ ಬೋರ್ಡ್, ಮೊದಲ ಚಿಕಿತ್ಸೆ. ‘ಬಾಳ ದಿನ ಕಾದೆ’ ಎಂದವರು ಯಾವ ಸಂದಿನಲ್ಲಿ ಕಾದರು ಎಂಬುದು ಆಗ ಸ್ಪಷ್ಟವಾಗುತ್ತದೆ.

ಫಲಿತಾಂಶವನ್ನು ವೈದ್ಯರ ಹೆಸರಿಟ್ಟು ಗೋಡೆಗೆ ಅಂಟಿಸುವ ಆಸೆ ಕೆಲವು ಆಡಳಿತಗಳಿಗೆ ಇರುತ್ತದೆ. ದಯವಿಟ್ಟು ಅದನ್ನು ತಡೆಯಿರಿ. ಸಂದುಗಳಲ್ಲಿ ಆಗುವ ತಪ್ಪಿಗೆ ಒಬ್ಬರ ಹೆಸರು ಹಚ್ಚಿದ ದಿನದಿಂದ ಸಿಬ್ಬಂದಿ ಒಳ್ಳೆಯ ಉತ್ತರ ಕೊಡುವ ರೋಗಿಗಳನ್ನೇ ಆರಿಸಿ ಕಳುಹಿಸಲು ತೊಡಗುತ್ತಾರೆ, ಅಳತೆ ಅಲ್ಲಿಗೆ ಕೆಡುತ್ತದೆ. ಅದರ ಬದಲು, ತಿಂಗಳಿಗೊಮ್ಮೆ ಟ್ಯೂಮರ್ ಬೋರ್ಡಿನ ಸಭೆಯಲ್ಲೇ ಹದಿನೈದು ನಿಮಿಷ ಈ ಉತ್ತರಗಳಿಗೆ ಮೀಸಲಿಡಿ. ಒಂದು ಪ್ರಶ್ನೆಯನ್ನು ಮಾತ್ರ ಆರಿಸಿಕೊಳ್ಳಿ, ಒಂದು ಬದಲಾವಣೆ ಮಾಡಿ, ಅದೇ ಪ್ರಶ್ನೆಯನ್ನು ಮುಂದಿನ ಮೂರು ತಿಂಗಳು ಹಿಂಬಾಲಿಸಿ. ಫೋನ್ ಯಾರಿಗೆ ಮಾಡಬೇಕೆಂದು ತಿಳಿದಿಲ್ಲ ಎಂದು ಬಂದರೆ, ಪ್ರತಿ ರೋಗಿಯ ಚೀಟಿಯ ಮೇಲೆ ಒಂದೇ ನಂಬರಿನ ಮೊಹರು ಹಾಕಿ, ಆ ಫೋನ್ ರಾತ್ರಿ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಅದೇ ಸಭೆಯಲ್ಲಿ ನಿಗದಿ ಮಾಡಿ.

ಕೆಲಸ ಆರಂಭಿಸುವ ಮುಂಚೆ ನಿಮ್ಮ ಸಂಸ್ಥೆಯ ನೈತಿಕ ಸಮಿತಿಗೆ ಒಂದು ಪತ್ರ ಬರೆಯಿರಿ. ಒಳಗಿನ ಸುಧಾರಣೆಗಷ್ಟೇ ಬಳಸುವುದೋ, ಮುಂದೆ ಪ್ರಕಟಿಸುವ ಉದ್ದೇಶವೂ ಇದೆಯೋ ಎಂಬುದನ್ನು ಅದರಲ್ಲಿ ಸ್ಪಷ್ಟಪಡಿಸಿ. ಪ್ರಕಟಿಸುವುದಾದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಸಮಿತಿಯ ಪೂರ್ವಾನುಮತಿ ಬೇಕು. ಇನ್ನೊಂದು ವ್ಯವಸ್ಥೆ ಮೊದಲ ದಿನಕ್ಕೇ ಸಿದ್ಧವಿರಬೇಕು. ಪ್ರಶ್ನೆ ಕೇಳಲು ಕೂತ ವಿದ್ಯಾರ್ಥಿಗೆ ರೋಗಿ ‘ರಾತ್ರಿಯೆಲ್ಲಾ ನೋವು, ಗುಳಗಿ ತೀರ್ಯಾವ’ ಎಂದರೆ, ಅದನ್ನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುವಂತಿಲ್ಲ. ಆ ಮಾತು ರೋಗಿಯ ಒಪ್ಪಿಗೆಯೊಂದಿಗೆ ಅದೇ ಗಂಟೆಯಲ್ಲಿ ಯಾವ ನರ್ಸ್‌ಗೆ ತಲುಪಬೇಕು, ಅವರು ಇಲ್ಲದಿದ್ದರೆ ಯಾರಿಗೆ, ನೋವು ತಗ್ಗಿಸುವ ಉಪಶಾಮಕ ಆರೈಕೆಯ ವೈದ್ಯರಿಗೆ ತಿಳಿಸುವವರು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಪ್ರಶ್ನಾವಳಿಯ ಜೊತೆಗೇ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೆ ಕೊಡಿ.